ಎನಾಮೆಲ್ ತಂತಿ ಮತ್ತು ಮನೆಯ ಧ್ವನಿವ್ಯವಸ್ಥೆ: ಹೇಳುವುದೆಷ್ಟು, ಅಳತೆಗೆ ಸಿಗುವುದೆಷ್ಟು?

ಎನಾಮೆಲ್ ಲೇಪಿತ ತಾಮ್ರದ ತಂತಿಯನ್ನು ಕೈಯಲ್ಲಿ ಹಿಡಿಯದ ವಿಜ್ಞಾನ ವಿದ್ಯಾರ್ಥಿ ಇರಲಾರ. ವಿದ್ಯುತ್ಕಾಂತ ಮಾಡಲು ಕಬ್ಬಿಣದ ಮೊಳೆಗೆ ಸುತ್ತುವುದು ಇದನ್ನೇ. ವಿದ್ಯುತ್ ಗಂಟೆ, ಗ್ಯಾಲ್ವನೋಮೀಟರ್, ಟ್ರಾನ್ಸ್‌ಫಾರ್ಮರ್, ಪಂಪ್‌ಸೆಟ್ಟಿನ ಮೋಟಾರು ಇವೆಲ್ಲದರ ಹೊಟ್ಟೆಯೊಳಗೆ ಇರುವುದೂ ಇದೇ. ಯಾವುದೇ ತಾಲ್ಲೂಕು ಕೇಂದ್ರದ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಹೀಗಾಗಿ ಮನೆಯಲ್ಲೇ ಆಂಪ್ಲಿಫೈಯರ್, ಸ್ಪೀಕರ್ ಪೆಟ್ಟಿಗೆ ಮುಂತಾದವನ್ನು ಕಟ್ಟುವ ಹವ್ಯಾಸಿಗಳಿಗೆ ಇದು ಪ್ರಿಯವಾದ ವಸ್ತು. ವಿಜ್ಞಾನ ವಸ್ತುಪ್ರದರ್ಶನಕ್ಕೆ ಸಿದ್ಧರಾಗುವ ವಿದ್ಯಾರ್ಥಿಗಳ ಕೈಗೂ ಈ ಹವ್ಯಾಸಿಗಳ ಪ್ರಾಜೆಕ್ಟ್ ಟಿಪ್ಪಣಿಗಳೇ ಬರುತ್ತವೆ. ಆ ಟಿಪ್ಪಣಿಗಳಲ್ಲಿ ಈ ತಂತಿಯ ಬಗ್ಗೆ ಇರುವ ಸಲಹೆಗಳು ವಿಚಿತ್ರವಾಗಿವೆ. ಯಾವುದು ಮುಖ್ಯವಲ್ಲವೋ ಅದರ ಬಗ್ಗೆ ಪುಟಗಟ್ಟಲೆ ವಿವರಣೆ ಇರುತ್ತದೆ. ಯಾವುದನ್ನು ಹೇಳಲೇಬೇಕೋ ಅದು ಒಂದು ಸಾಲಿನಲ್ಲೂ ಇರುವುದಿಲ್ಲ. ಅವುಗಳಲ್ಲಿ ಕೆಲವನ್ನು ಒರೆಗೆ ಹಚ್ಚಿ ನೋಡೋಣ. ಇದಕ್ಕೆ ಬೇಕಾದ ಭೌತವಿಜ್ಞಾನ ಹತ್ತನೆಯ ತರಗತಿಯ ಓಮ್ ನಿಯಮಕ್ಕಿಂತ ಹೆಚ್ಚು ದೂರ ಹೋಗುವುದಿಲ್ಲ.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ಎನಾಮೆಲ್ ಎಂದರೆ ಲೋಹದ ಮೇಲೆ ಕರಗಿಸಿ ಅಂಟಿಸಿದ ಗಾಜಿನಂಥ ಲೇಪ. ನಮ್ಮ ಅಡುಗೆಮನೆಯ ಬಿಳಿ ಬೋಗುಣಿಗಳ ಮೇಲಿರುವುದು ಅದು. ತಂತಿಯ ಮೇಲಿರುವುದು ಗಾಜಲ್ಲ, ಪಾಲಿಮರ್. ಪಾಲಿಯುರಿಥೇನ್, ಪಾಲಿಎಸ್ಟರ್, ಪಾಲಿಎಸ್ಟರ್-ಇಮೈಡ್, ಪಾಲಿಇಮೈಡ್ ಹೀಗೆ ಹಲವು ಜಾತಿಗಳಿವೆ. ಅರ್ಧ ಮಿ.ಮೀ. ತಂತಿಯ ಮೇಲೆ ಲೇಪದ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಆದರೂ ಹೊಸ ತಂತಿಯಲ್ಲಿ ಅದು ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಕೆಲವು ಸಾವಿರ ವೋಲ್ಟ್‌ಗಳನ್ನು ತಡೆಯಬಲ್ಲದು. ಕಡಿಮೆ ಜಾಗದಲ್ಲಿ ಹೆಚ್ಚು ಸುತ್ತುಗಳು ಕೂರಬೇಕಾದ ಕಡೆ ಇದಕ್ಕೆ ಸಾಟಿಯಿಲ್ಲ. ಇದನ್ನು ರೂಪಿಸಿರುವುದೇ ಅದಕ್ಕಾಗಿ.

ಈಗ ಮೊದಲ ಸಲಹೆಗೆ ಬರೋಣ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ಸಾಮಾನ್ಯ ಪಿವಿಸಿ ತಂತಿಯನ್ನು ಕಿತ್ತುಹಾಕಿ ಎನಾಮೆಲ್ ತಂತಿ ಹಾಕಿದರೆ ಧ್ವನಿ 'ಸ್ವಚ್ಛ'ವಾಗುತ್ತದೆ ಎಂಬುದು ಆ ಸಲಹೆ. ಇದಕ್ಕೆ ಕೊಡುವ ಕಾರಣಗಳು ಮೂರು. ಹೆಚ್ಚಿನ ಆವೃತ್ತಿಯಲ್ಲಿ ವಿದ್ಯುತ್ತು ತಂತಿಯ ಹೊರಪದರದಲ್ಲೇ ಹರಿಯುತ್ತದೆ, ಆದ್ದರಿಂದ ಒಂದೊಂದಾಗಿ ಲೇಪವಿರುವ ತೆಳು ತಂತಿಗಳು ಬೇಕು. ಪಿವಿಸಿ ಹೊದಿಕೆ ಕೆಟ್ಟ ಅವಾಹಕ, ಅದು ಧ್ವನಿಯನ್ನು ಕಲಸಿಹಾಕುತ್ತದೆ. ಎನಾಮೆಲ್ ತಂತಿಯ ತಾಮ್ರ ಹೆಚ್ಚು ಶುದ್ಧ.

ಹೊರಪದರದಲ್ಲಿ ಹರಿಯುವ ಈ ವಿದ್ಯಮಾನ ಕಟ್ಟುಕತೆಯಲ್ಲ. ಇದನ್ನು ತ್ವಕ್ ಪರಿಣಾಮ ಎನ್ನುತ್ತಾರೆ. ಪರ್ಯಾಯ ವಿದ್ಯುತ್ತಿನ ಆವೃತ್ತಿ ಹೆಚ್ಚಿದಂತೆ ಪ್ರವಾಹ ವಾಹಕದ ಮೇಲ್ಮೈ ಕಡೆಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಮುಖ್ಯ. ತಾಮ್ರದಲ್ಲಿ 'ತ್ವಕ್ ಆಳ' 50 ಹರ್ಟ್ಸ್‌ನಲ್ಲಿ ಸುಮಾರು 9.3 ಮಿ.ಮೀ., 1 ಕಿಲೋಹರ್ಟ್ಸ್‌ನಲ್ಲಿ 2.1 ಮಿ.ಮೀ., ಕಿವಿಯ ಮೇಲ್ಮಿತಿಯಾದ 20 ಕಿಲೋಹರ್ಟ್ಸ್‌ನಲ್ಲಿ 0.47 ಮಿ.ಮೀ. 1 ಮಿ.ಮೀ. ವ್ಯಾಸದ ತಂತಿಯ ತ್ರಿಜ್ಯ 0.5 ಮಿ.ಮೀ. ತಾನೆ? ಅಂದರೆ ಅತ್ಯಧಿಕ ಆವೃತ್ತಿಯಲ್ಲೂ ಪ್ರವಾಹ ಬಹುಮಟ್ಟಿಗೆ ಇಡೀ ತಂತಿಯನ್ನು ಬಳಸುತ್ತದೆ. ಲೆಕ್ಕ ಹಾಕಿದರೆ 20 ಕಿಲೋಹರ್ಟ್ಸ್‌ನಲ್ಲಿ ಅದರ ರೋಧ ಹೆಚ್ಚುವುದು ಶೇಕಡಾ 3ಕ್ಕಿಂತ ಕಡಿಮೆ. 1.6 ಮಿ.ಮೀ.ನ ದಪ್ಪ ತಂತಿ ತೆಗೆದುಕೊಂಡರೆ ಹೆಚ್ಚಳ ಸುಮಾರು ಶೇಕಡಾ 16. ಶೇಕಡಾ 16 ಎಂದಾಕ್ಷಣ ಗಾಬರಿಯಾಗಬಾರದು. ಯಾವುದರ ಶೇಕಡಾ 16 ಎಂದು ಕೇಳಬೇಕು. 5 ಮೀಟರ್ ದೂರದ ಸ್ಪೀಕರಿಗೆ ಹೋಗಿಬರುವ 10 ಮೀಟರ್ ದಪ್ಪ ತಂತಿಯ ರೋಧ 0.086 ಓಮ್. ಅದು 0.1 ಓಮ್ ಆಗುತ್ತದೆ. 8 ಓಮ್ ಸ್ಪೀಕರಿನ ಎದುರು ಈ ವ್ಯತ್ಯಾಸ ತರುವ ಬದಲಾವಣೆ ಒಂದು ಡೆಸಿಬೆಲ್‌ನ ನೂರರಲ್ಲಿ ಒಂದೆರಡು ಭಾಗ! ಯಾವ ಕಿವಿಗೂ ಇದು ಕೇಳಿಸದು. ಎಳೆಎಳೆಗೂ ಲೇಪವಿರುವ ಲಿಟ್ಸ್ ತಂತಿಗೆ ನಿಜವಾದ ಕೆಲಸವಿರುವುದು ಮೀಡಿಯಂ ವೇವ್ ರೇಡಿಯೋದ ಫೆರೈಟ್ ದಂಡದ ಸುರುಳಿಯಂಥ ಕಡೆ. ಅಲ್ಲಿ ಆವೃತ್ತಿ ನೂರಾರು ಕಿಲೋಹರ್ಟ್ಸ್. ಅಲ್ಲಿಯ ವಾದವನ್ನು ಎತ್ತಿಕೊಂಡು ಬಂದು ಇಲ್ಲಿ ನೆಟ್ಟಿದ್ದಾರೆ, ಅಷ್ಟೆ.

ಪಿವಿಸಿಯ ಮೇಲಿನ ಆಪಾದನೆಯೂ ಇಂಥದೇ. ಜೋಡಿ ತಂತಿಗಳ ನಡುವಿನ ಅವಾಹಕವು ಒಂದು ಧಾರಕದಂತೆ ವರ್ತಿಸುತ್ತದೆ, ನಿಜ. ಮೀಟರಿಗೆ 100 ಪಿಕೋಫ್ಯಾರಡ್ ಎಂದು ಹಿಡಿದರೆ 5 ಮೀಟರಿಗೆ 500 ಪಿಕೋಫ್ಯಾರಡ್. 20 ಕಿಲೋಹರ್ಟ್ಸ್‌ನಲ್ಲಿ ಇದು ಒಡ್ಡುವ ತಡೆ ಸುಮಾರು 16,000 ಓಮ್. ಅದಕ್ಕೆ ಸಮಾಂತರವಾಗಿ 8 ಓಮ್ ಸ್ಪೀಕರ್ ಕುಳಿತಿದೆ. ಎರಡು ಸಾವಿರದಲ್ಲಿ ಒಂದು ಪಾಲಿನ ಪ್ರವಾಹ ಹಾದುಹೋಗುವ ದಾರಿಯ ಗುಣಾವಗುಣಗಳನ್ನು ಚರ್ಚಿಸುತ್ತ ಕೂರುವುದು ಕಾವೇರಿಯ ನೀರಿನ ಲೆಕ್ಕದಲ್ಲಿ ತೀರ್ಥದ ಉದ್ಧರಣೆಯನ್ನು ಸೇರಿಸಿದಂತೆ. ಇಲ್ಲೊಂದು ತಮಾಷೆಯೂ ಇದೆ. ಎನಾಮೆಲ್ ಲೇಪ ಅತಿ ತೆಳುವಾದ್ದರಿಂದ ಎರಡು ಎನಾಮೆಲ್ ತಂತಿಗಳನ್ನು ಬಿಗಿಯಾಗಿ ಹೆಣೆದರೆ ಧಾರಕತೆ ಪಿವಿಸಿ ತಂತಿಗಿಂತ ಹೆಚ್ಚೇ ಆಗುತ್ತದೆ, ಕಡಿಮೆಯಲ್ಲ. ಹಲವಾರು ಎಳೆಗಳನ್ನು ಜಡೆಯಂತೆ ಹೆಣೆದ ಕೇಬಲ್ಲುಗಳ ಧಾರಕತೆ ತೀರ ಹೆಚ್ಚಾಗಿ ಕೆಲವು ಆಂಪ್ಲಿಫೈಯರುಗಳು ಅಸ್ಥಿರಗೊಂಡು ಆಂದೋಲಿಸುವುದುಂಟು. 'ಸ್ವಚ್ಛ ಧ್ವನಿ'ಗಾಗಿ ಹೊರಟವರು ಔಟ್‌ಪುಟ್ ಟ್ರಾನ್ಸಿಸ್ಟರನ್ನೇ ಸುಟ್ಟುಕೊಳ್ಳಬಹುದು.

ತಾಮ್ರದ ಶುದ್ಧತೆಯ ಮಾತು ಬಹು ಬೇಗ ಮುಗಿಯುತ್ತದೆ. ಹದಗೊಳಿಸಿದ ತಾಮ್ರದ ವಾಹಕತೆಗೆ 1913ರಲ್ಲೇ ಅಂತರರಾಷ್ಟ್ರೀಯ ಮಾನಕ ಗೊತ್ತುಪಡಿಸಲಾಯಿತು. ಅದನ್ನು ಶೇಕಡಾ 100 ಎಂದು ಇಟ್ಟುಕೊಂಡರೆ ಇಂದಿನ ಸಾಧಾರಣ ವಿದ್ಯುತ್ ದರ್ಜೆಯ ತಾಮ್ರ 100ರ ಆಸುಪಾಸಿನಲ್ಲಿದೆ. 'ಆಮ್ಲಜನಕರಹಿತ' ಎಂದು ಮಾರುವ ತಾಮ್ರ 101ರ ಆಸುಪಾಸು. ತಂತಿಯನ್ನು 5 ಮೀಟರಿನ ಬದಲು 4 ಮೀಟರ್ 95 ಸೆಂ.ಮೀ.ಗೆ ಕತ್ತರಿಸಿದರೆ ಇದೇ ಲಾಭ ಪುಕ್ಕಟೆ ಸಿಗುತ್ತದೆ! ತಂತಿಗೆ 'ದಿಕ್ಕು' ಇದೆ, ಬಾಣದ ಗುರುತಿನಂತೆಯೇ ಜೋಡಿಸಬೇಕು ಎನ್ನುವವರೂ ಇದ್ದಾರೆ. ಸೆಕೆಂಡಿಗೆ ಸಾವಿರಾರು ಸಲ ಹಿಂದುಮುಂದಾಗುವ ಪ್ರವಾಹಕ್ಕೆ ಬಾಣ ಯಾವ ದಿಕ್ಕನ್ನು ತೋರಿಸೀತು?

ಇವೆಲ್ಲಕ್ಕಿಂತ ದೊಡ್ಡ ಆಕ್ಷೇಪ ಬೇರೆಯಿದೆ. ಅದನ್ನು ಯಾವ ಟಿಪ್ಪಣಿಯೂ ಹೇಳುವುದಿಲ್ಲ. ಸ್ಪೀಕರಿನ ಒಳಗಿರುವ ಧ್ವನಿಸುರುಳಿ ಯಾವುದರಿಂದ ಆಗಿದೆ? ಬಹುಪಾಲು ಸ್ಪೀಕರುಗಳಲ್ಲಿ ಅದೂ ತೆಳುವಾದ ಎನಾಮೆಲ್ ತಾಮ್ರದ ತಂತಿಯೇ. 8 ಓಮ್ ಎಂದು ಬರೆದಿರುವ ಸ್ಪೀಕರಿನ ತುದಿಗಳಿಗೆ ಮಲ್ಟಿಮೀಟರ್ ಹಿಡಿದರೆ 6 ಓಮ್‌ನ ಆಸುಪಾಸು ತೋರಿಸುತ್ತದೆ. 0.2 ಮಿ.ಮೀ. ತಂತಿಯಲ್ಲಿ 6 ಓಮ್ ಬರಬೇಕಾದರೆ 11 ಮೀಟರ್ ಬೇಕು. ಹೊರಗೆ ಎಂಥ ಬಂಗಾರದಂಥ ಕೇಬಲ್ ಎಳೆದರೂ ಅದರ ಸರಣಿಯಲ್ಲಿ ಈ 11 ಮೀಟರ್ ಕೂದಲೆಳೆಯಂಥ ತಂತಿ ಇದ್ದೇ ಇರುತ್ತದೆ. ಅಷ್ಟೇ ಅಲ್ಲ, ಅದು ಬಿಸಿಯಾಗುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ 0.39ರಷ್ಟು ಏರುತ್ತದೆ. ಜೋರಾಗಿ ನುಡಿಸಿದಾಗ ಸುರುಳಿಯ ಉಷ್ಣತೆ 100 ಡಿಗ್ರಿ ಏರಿತೆಂದರೆ 6 ಓಮ್ ಇದ್ದದ್ದು 8 ಓಮ್ ದಾಟುತ್ತದೆ. ಎರಡು ಓಮ್‌ಗೂ ಮಿಕ್ಕಿದ ಈ ಏರಿಳಿತವನ್ನು ಗಮನಿಸದ ಕಿವಿ, ತಂತಿಯ ಮಿಲಿಓಮ್‌ಗಳನ್ನು ಗುರುತಿಸುತ್ತದೆ ಎಂದು ನಂಬುವುದು ಕಷ್ಟ.

ಹಾಗಾದರೆ ಸ್ಪೀಕರ್ ತಂತಿ ಯಾವುದಾದರೂ ಆದೀತೆ? ಇಲ್ಲ. ಅಲ್ಲಿ ಮುಖ್ಯವಾದ ಒಂದು ಅಂಶವಿದೆ, ಅದು ದಪ್ಪ. 1 ಮಿ.ಮೀ. ವ್ಯಾಸದ ತಾಮ್ರದ ತಂತಿಯ ರೋಧ ಮೀಟರಿಗೆ 0.022 ಓಮ್. ಹೋಗಿಬರುವ 10 ಮೀಟರಿಗೆ 0.22 ಓಮ್, 8 ಓಮ್‌ನ ಎದುರು ನಷ್ಟ ಸುಮಾರು ಕಾಲು ಡೆಸಿಬೆಲ್. 0.5 ಮಿ.ಮೀ. ತಂತಿಯಾದರೆ ರೋಧ ನಾಲ್ಕು ಪಟ್ಟು, 0.88 ಓಮ್, ನಷ್ಟ 0.9 ಡೆಸಿಬೆಲ್. ನಷ್ಟವಷ್ಟೇ ಆಗಿದ್ದರೆ ಧ್ವನಿಯ ಗುಂಡಿಯನ್ನು ಸ್ವಲ್ಪ ತಿರುಗಿಸಿ ಸುಮ್ಮನಿರಬಹುದಿತ್ತು. ಆದರೆ ಸ್ಪೀಕರಿನ ಇಂಪೀಡೆನ್ಸ್ ಎಲ್ಲ ಆವೃತ್ತಿಗಳಲ್ಲೂ ಒಂದೇ ಅಲ್ಲ. ಒಂದು ಕಡೆ 6 ಓಮ್, ಅನುರಣನದ ಬಳಿ 30 ಓಮ್ ಇರಬಹುದು. ಆಗ ತೆಳು ತಂತಿಯಲ್ಲಿ ಒಂದು ಕಡೆ 1.2 ಡೆಸಿಬೆಲ್ ನಷ್ಟ, ಇನ್ನೊಂದು ಕಡೆ 0.25. ಧ್ವನಿಯ ಸ್ವರೂಪವೇ ಸುಮಾರು ಒಂದು ಡೆಸಿಬೆಲ್ ಓರೆಯಾಗುತ್ತದೆ. 1 ಮಿ.ಮೀ. ತಂತಿಯಲ್ಲಿ ಈ ಓರೆ ಕಾಲು ಡೆಸಿಬೆಲ್ ಮಾತ್ರ. ಕೇಳಿಸಬಹುದಾದ ವ್ಯತ್ಯಾಸವೆಂದರೆ ಇದು. ಇದಕ್ಕೆ ಪರಿಹಾರ ಅಗ್ಗದ ದಪ್ಪ ತಂತಿ, ಅದರ ಮೇಲಿನ ಹೊದಿಕೆ ಯಾವುದಾದರೂ ಸರಿ. ಜೊತೆಗೆ, ಎನಾಮೆಲ್ ತಂತಿಗಳನ್ನು ಗೋಡೆಯುದ್ದಕ್ಕೂ ಬೇರೆಬೇರೆಯಾಗಿ ಎಳೆಯುವ ಅಭ್ಯಾಸ ಕೆಲವರಲ್ಲಿದೆ. ಎರಡರ ನಡುವೆ 10 ಸೆಂ.ಮೀ. ಅಂತರವಿದ್ದರೆ ಪ್ರೇರಕತೆ ಮೀಟರಿಗೆ ಸುಮಾರು 2 ಮೈಕ್ರೋಹೆನ್ರಿ ಆಗುತ್ತದೆ; 5 ಮೀಟರಿಗೆ 20 ಕಿಲೋಹರ್ಟ್ಸ್‌ನಲ್ಲಿ 1.3 ಓಮ್‌ನ ತಡೆ. ತ್ವಕ್ ಪರಿಣಾಮಕ್ಕಿಂತ ಇದು ಎಷ್ಟೋ ಪಟ್ಟು ದೊಡ್ಡದು. ಜೋಡಿಯನ್ನು ಜೊತೆಯಾಗಿ ಇಟ್ಟರೆ ಸಾಕು, ಹೋಗುತ್ತದೆ.

"ಲೆಕ್ಕ ಏನೇ ಹೇಳಲಿ, ನನ್ನ ಕಿವಿಗೆ ವ್ಯತ್ಯಾಸ ಕೇಳಿಸಿತು" ಎನ್ನುವವರಿಗೆ ಏನು ಹೇಳಬೇಕು? ಅವರು ಸುಳ್ಳು ಹೇಳುತ್ತಿಲ್ಲ. ಅರ್ಧ ದಿನ ಕೂತು ತಾನೇ ಹೆಣೆದ ತಂತಿ ಚೆನ್ನಾಗಿಯೇ ಕೇಳಿಸುತ್ತದೆ. ಮನುಷ್ಯನ ಮನಸ್ಸು ಇರುವುದೇ ಹಾಗೆ. ಅದಕ್ಕಾಗಿಯೇ ಯಾವ ತಂತಿ ಜೋಡಣೆಯಾಗಿದೆ ಎಂಬುದು ಕೇಳುವವನಿಗೂ, ಅವನೊಡನೆ ಮಾತಾಡುವವನಿಗೂ ಗೊತ್ತಿಲ್ಲದಂತೆ ಪರೀಕ್ಷೆ ನಡೆಸಬೇಕು. 1983ರಲ್ಲಿ ಅಮೆರಿಕದ 'ಸ್ಟೀರಿಯೋ ರಿವ್ಯೂ' ಪತ್ರಿಕೆಯಲ್ಲಿ ಲಾರೆನ್ಸ್ ಗ್ರೀನ್‌ಹಿಲ್ ಅವರು ಇಂಥ ಪರೀಕ್ಷೆಯೊಂದನ್ನು ವರದಿ ಮಾಡಿದರು. 24 ಗೇಜಿನ ತೆಳು ತಂತಿಯ ನಷ್ಟವನ್ನು ಪರೀಕ್ಷಾ ಶಬ್ದದಲ್ಲಿ ಕೇಳುಗರು ಗುರುತಿಸಿದರು. ಆದರೆ ಸಂಗೀತ ಕೇಳಿಸಿದಾಗ 16 ಗೇಜಿನ ಸಾಧಾರಣ ತಂತಿಯನ್ನು ದುಬಾರಿ ಕೇಬಲ್ಲಿನಿಂದ ಬೇರ್ಪಡಿಸಲಾಗಲಿಲ್ಲ. ಮೇಲಿನ ಲೆಕ್ಕ ಹೇಳುವುದೂ ಇದನ್ನೇ.

ಈ ಪರೀಕ್ಷೆಯನ್ನು ಕಾಲೇಜಿನಲ್ಲೇ ಮಾಡಬಹುದು. ಎರಡು ತಂತಿಗಳು, ಪರದೆಯ ಹಿಂದೆ ಒಂದು ಸ್ವಿಚ್ಚು, ನಾಣ್ಯ ಚಿಮ್ಮಿ ತಂತಿಯನ್ನು ಆರಿಸುವ ಒಬ್ಬ ವಿದ್ಯಾರ್ಥಿ. ಸ್ಪೀಕರಿನ ತುದಿಯಲ್ಲಿ ವಿಭವಾಂತರ ಎರಡೂ ತಂತಿಗಳಲ್ಲಿ ಸಮನಾಗಿದೆಯೇ ಎಂದು ಮೊದಲು ಮಲ್ಟಿಮೀಟರಿನಲ್ಲಿ ನೋಡಬೇಕು, ಏಕೆಂದರೆ ತುಸು ಜೋರಾಗಿರುವುದು 'ಉತ್ತಮ'ವೆಂದೇ ಕೇಳಿಸುತ್ತದೆ. 16 ಸಲ ಕೇಳಿಸಿ, ಸರಿಯುತ್ತರಗಳನ್ನು ಎಣಿಸಬೇಕು. ಬರೀ ಊಹೆಯಿಂದ 12 ಅಥವಾ ಹೆಚ್ಚು ಸರಿಯಾಗುವ ಸಂಭವ ಶೇಕಡಾ 4ಕ್ಕಿಂತ ಕಡಿಮೆ. 9 ಸರಿಯಾದರೆ ಅದಕ್ಕೆ ಯಾವ ಅರ್ಥವೂ ಇಲ್ಲ. ಗಣಿತದ ಅಧ್ಯಾಪಕರಿಗೆ ದ್ವಿಪದ ವಿತರಣೆಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಸ್ಪೀಕರ್ ತಂತಿಯನ್ನು ಬಿಟ್ಟು, ಸಿಡಿ ಪ್ಲೇಯರ್ ಅಥವಾ ಪ್ರೀಆಂಪ್ಲಿಫೈಯರಿನಿಂದ ಆಂಪ್ಲಿಫೈಯರಿಗೆ ಹೋಗುವ ಸಂಕೇತದ ತಂತಿಗೆ ಬಂದರೆ ಪರಿಸ್ಥಿತಿ ತಲೆಕೆಳಗಾಗುತ್ತದೆ. ಅಲ್ಲಿ ರೋಧ ಮುಖ್ಯವಲ್ಲ, ಧಾರಕತೆ ಮತ್ತು ರಕ್ಷಾಕವಚ ಮುಖ್ಯ. ಹೆಣೆದ ಎನಾಮೆಲ್ ಜೋಡಿಯ ಧಾರಕತೆ ಮೀಟರಿಗೆ 200 ಪಿಕೋಫ್ಯಾರಡ್ ಇರಬಹುದು. 3 ಮೀಟರಿಗೆ 600. ಹಳೆಯ ವಾಲ್ವ್ ಪ್ರೀಆಂಪ್ಲಿಫೈಯರಿನಂತೆ ಆಕರದ ಇಂಪೀಡೆನ್ಸ್ 10,000 ಓಮ್ ಇದ್ದರೆ 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 2 ಡೆಸಿಬೆಲ್ ನಷ್ಟ! ಇದು ನಿಜವಾದ ನಷ್ಟ. ಆಕರ 1,000 ಓಮ್‌ಗಿಂತ ಕಡಿಮೆ ಇರುವ ಇಂದಿನ ಉಪಕರಣಗಳಲ್ಲಿ ಇದು ಕಾಣುವುದಿಲ್ಲ. ಆದರೆ ಕವಚವಿಲ್ಲದ ಈ ಜೋಡಿ ಮನೆಯ ವಿದ್ಯುತ್ ಜಾಲದ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ಎಳೆದುಕೊಳ್ಳುತ್ತದೆ. ಹೆಣಿಗೆ ಕಾಂತಕ್ಷೇತ್ರದ ಪ್ರಭಾವವನ್ನು ತಗ್ಗಿಸುತ್ತದೆ, ವಿದ್ಯುತ್ ಕ್ಷೇತ್ರದ್ದನ್ನಲ್ಲ. ಇಲ್ಲಿ ಸಾಧಾರಣ ಕವಚವಿರುವ ಕೇಬಲ್ಲೇ ಸರಿ.

ಇನ್ನು ಎನಾಮೆಲ್ ತಂತಿ ನಿಜವಾಗಿ ಸೇರಬೇಕಾದ ಜಾಗ: ಕ್ರಾಸ್‌ಓವರಿನ ಪ್ರೇರಕ ಸುರುಳಿ. ವೂಫರಿಗೆ ಕಡಿಮೆ ಆವೃತ್ತಿಗಳನ್ನು ಮಾತ್ರ ಕಳಿಸುವ ಈ ಸುರುಳಿಯನ್ನು ಮನೆಯಲ್ಲೇ ಸುತ್ತಬಹುದು. ಟಿಪ್ಪಣಿಗಳು ಅತ್ಯಂತ ಕಳಪೆಯಾಗಿರುವುದೂ ಇಲ್ಲೇ. ಅನೇಕ ಚಿತ್ರಗಳಲ್ಲಿ "150 ಸುತ್ತು ತಂತಿ" ಎಂದಷ್ಟೇ ಇರುತ್ತದೆ. ಯಾವ ವ್ಯಾಸದ ತಂತಿ, ಎಷ್ಟು ವ್ಯಾಸದ ಬಾಬಿನ್, ಎಷ್ಟು ಅಗಲ ಎಂಬುದೊಂದೂ ಇಲ್ಲ. ಇವಿಲ್ಲದೆ ಸುತ್ತುಗಳ ಸಂಖ್ಯೆಗೆ ಅರ್ಥವೇ ಇಲ್ಲ.

ಒಂದು ಉದಾಹರಣೆ ನೋಡೋಣ. 8 ಓಮ್ ವೂಫರಿಗೆ 3 ಕಿಲೋಹರ್ಟ್ಸ್‌ನಲ್ಲಿ ವಿಭಜನೆ ಬೇಕು. ಬೇಕಾದ ಪ್ರೇರಕತೆ ಎಂದರೆ 8ನ್ನು 2π ಮತ್ತು 3,000ದ ಗುಣಲಬ್ಧದಿಂದ ಭಾಗಿಸಿದ್ದು, ಅಂದರೆ 0.42 ಮಿಲಿಹೆನ್ರಿ. ಹಲವು ಪದರಗಳ ಸುರುಳಿಗೆ ಹೆರಾಲ್ಡ್ ವೀಲರ್ 1928ರಲ್ಲಿ ಕೊಟ್ಟ ಸರಳ ಸೂತ್ರವೊಂದಿದೆ. ಸುರುಳಿಯ ಸರಾಸರಿ ತ್ರಿಜ್ಯದ ವರ್ಗವನ್ನು ಸುತ್ತುಗಳ ವರ್ಗದಿಂದಲೂ 0.315ರಿಂದಲೂ ಗುಣಿಸಬೇಕು, ಬಂದದ್ದನ್ನು ತ್ರಿಜ್ಯದ 6 ಪಟ್ಟು, ಅಗಲದ 9 ಪಟ್ಟು, ಪದರಗಳ ಒಟ್ಟು ದಪ್ಪದ 10 ಪಟ್ಟು ಇವುಗಳ ಮೊತ್ತದಿಂದ ಭಾಗಿಸಬೇಕು. ಅಳತೆಗಳು ಸೆಂ.ಮೀ.ನಲ್ಲಿದ್ದರೆ ಉತ್ತರ ಮೈಕ್ರೋಹೆನ್ರಿಯಲ್ಲಿ. 25 ಮಿ.ಮೀ. ವ್ಯಾಸ, 20 ಮಿ.ಮೀ. ಅಗಲದ ಬಾಬಿನ್ನಿನ ಮೇಲೆ 20 ಎಸ್‌ಡಬ್ಲ್ಯುಜಿ, ಅಂದರೆ 0.91 ಮಿ.ಮೀ. ತಂತಿಯನ್ನು ಸುತ್ತಿದರೆ ಸುಮಾರು 135 ಸುತ್ತುಗಳು ಬೇಕಾಗುತ್ತವೆ. ತಂತಿಯ ಉದ್ದ ಹದಿಮೂರೂವರೆ ಮೀಟರ್, ತಾಮ್ರದ ತೂಕ 80 ಗ್ರಾಂ, ರೋಧ 0.35 ಓಮ್. ಅದೇ ಬಾಬಿನ್ನಿನ ಮೇಲೆ 26 ಎಸ್‌ಡಬ್ಲ್ಯುಜಿಯ ತೆಳು ತಂತಿ ಸುತ್ತಿದರೆ 143 ಸುತ್ತುಗಳಲ್ಲಿ ಅದೇ ಪ್ರೇರಕತೆ ಬರುತ್ತದೆ, ಆದರೆ ರೋಧ 1.27 ಓಮ್. ಮೊದಲನೆಯದರ ನಷ್ಟ 0.4 ಡೆಸಿಬೆಲ್, ಎರಡನೆಯದರದು 1.3 ಡೆಸಿಬೆಲ್. ಎರಡನ್ನೂ ಪ್ರೇರಕತೆಯ ಮಾಪಕಕ್ಕೆ ಜೋಡಿಸಿದರೆ ಒಂದೇ ಎಂದು ತೋರಿಸುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲೂ ಎರಡೂ ಒಂದೇ ಸುರುಳಿ. ನಮ್ಮ ಪಾಠಗಳಲ್ಲಿ ಪ್ರೇರಕವನ್ನು 'ರೋಧವಿಲ್ಲದ ಸುರುಳಿ' ಎಂದು ಬರೆಸಿ ಅಲ್ಲಿಗೇ ನಿಲ್ಲಿಸುತ್ತೇವಲ್ಲ, ಅದರ ಫಲ ಇದು. ಕೇಬಲ್ಲಿನ ಮಿಲಿಓಮ್‌ಗಳಿಗಾಗಿ ಹಣ ಸುರಿದವನ ಪೆಟ್ಟಿಗೆಯೊಳಗೆ ಒಂದೂಕಾಲು ಓಮ್‌ನ ಸುರುಳಿ ಸದ್ದಿಲ್ಲದೆ ಕುಳಿತಿರುತ್ತದೆ.

ಗೇಜಿನ ಗೊಂದಲವನ್ನೂ ಇಲ್ಲೇ ಹೇಳಬೇಕು. ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ 'ಗೇಜ್' ಎಂದರೆ ಬ್ರಿಟಿಷ್ ಎಸ್‌ಡಬ್ಲ್ಯುಜಿ. ಅಮೆರಿಕದ ಪುಸ್ತಕಗಳಲ್ಲಿ ಎಡಬ್ಲ್ಯುಜಿ. 18 ಎಸ್‌ಡಬ್ಲ್ಯುಜಿ 1.22 ಮಿ.ಮೀ.; 18 ಎಡಬ್ಲ್ಯುಜಿ 1.02 ಮಿ.ಮೀ. ವಿಸ್ತೀರ್ಣದಲ್ಲಿ ಶೇಕಡಾ 40ಕ್ಕೂ ಹೆಚ್ಚು ವ್ಯತ್ಯಾಸ. ಸುರುಳಿ ಬಾಬಿನ್ನಿನಲ್ಲಿ ಹಿಡಿಸಲಿಲ್ಲವೆಂದು ವಿದ್ಯಾರ್ಥಿ ಒದ್ದಾಡುವುದಕ್ಕೆ ಬಹಳ ಸಲ ಇದೇ ಕಾರಣ. ಸ್ಕ್ರೂಗೇಜ್ ನಮ್ಮ ಪ್ರತಿ ಪ್ರಯೋಗಶಾಲೆಯಲ್ಲೂ ಇದೆ; ಮಿಲಿಮೀಟರಿನಲ್ಲಿ ಮಾತಾಡಿದರೆ ಜಗಳವೇ ಇಲ್ಲ. ಲೇಪವನ್ನು ಕೆರೆಯುವ ಮೊದಲು ಒಮ್ಮೆ, ಕೆರೆದ ಮೇಲೆ ಒಮ್ಮೆ ಅಳೆದರೆ ಲೇಪದ ದಪ್ಪವೂ ಸಿಗುತ್ತದೆ.

ಸುತ್ತು ಉಳಿಸಲೆಂದು ಕಬ್ಬಿಣದ ಬೋಲ್ಟಿನ ಮೇಲೆ ಸುತ್ತಿ ಎಂಬ ಸಲಹೆಯೂ ಇದೆ. ಅದು ವಿದ್ಯುತ್ಕಾಂತದ ಪಾಠಕ್ಕೆ ಸರಿ, ಕ್ರಾಸ್‌ಓವರಿಗೆ ಸಲ್ಲದು. ಇಡಿಯಾದ ಕಬ್ಬಿಣದಲ್ಲಿ ಸುಳಿ ಪ್ರವಾಹಗಳು ಹುಟ್ಟಿ ಶಕ್ತಿಯನ್ನು ತಿನ್ನುತ್ತವೆ. ಜೋರು ಧ್ವನಿಯಲ್ಲಿ ಕಬ್ಬಿಣ ಪರ್ಯಾಪ್ತವಾಗಿ ಪ್ರೇರಕತೆಯೇ ಬದಲಾಗುತ್ತದೆ, ಧ್ವನಿ ವಿಕೃತಗೊಳ್ಳುತ್ತದೆ. ಗಾಳಿಗರ್ಭದ ಸುರುಳಿಗೆ ತಾಮ್ರ ಹೆಚ್ಚು ಬೇಕು, ಆದರೆ ಅದಕ್ಕೆ ಈ ದೋಷವಿಲ್ಲ. ಪೆಟ್ಟಿಗೆಯಲ್ಲಿ ಎರಡು ಸುರುಳಿಗಳಿದ್ದರೆ ಒಂದಕ್ಕೊಂದು ಲಂಬವಾಗಿ, ದೂರದಲ್ಲಿ ಇಡಬೇಕು.

ಸುತ್ತಿದ್ದು ಸರಿಯಿದೆಯೇ ಎಂದು ನೋಡಲು ದುಬಾರಿ ಮಾಪಕ ಬೇಡ. 1 ಮೈಕ್ರೋಫ್ಯಾರಡ್‌ನ ಫಿಲ್ಮ್ ಧಾರಕವನ್ನು ಸುರುಳಿಗೆ ಸಮಾಂತರವಾಗಿ ಜೋಡಿಸಿ, ಒಂದು ಕಿಲೋಓಮ್ ರೋಧಕದ ಮೂಲಕ ಸಂಕೇತ ಕೊಟ್ಟು ಆವೃತ್ತಿಯನ್ನು ಏರಿಸುತ್ತ ಹೋದರೆ 7.8 ಕಿಲೋಹರ್ಟ್ಸ್‌ನ ಸುತ್ತಮುತ್ತ ವಿಭವಾಂತರ ಗರಿಷ್ಠವಾಗಬೇಕು. ಸಂಕೇತಕ್ಕೆ ಗಣಕದ ಅಥವಾ ಮೊಬೈಲಿನ ಇಯರ್‌ಫೋನ್ ಕಿಂಡಿ ಸಾಕು. ಸುರುಳಿಯ ರೋಧವನ್ನು ಮಾತ್ರ ಮಲ್ಟಿಮೀಟರಿನ ಓಮ್ ವ್ಯಾಪ್ತಿಯಲ್ಲಿ ನೇರವಾಗಿ ಅಳೆಯಬಾರದು. ಮೀಟರಿನ ಕಡ್ಡಿಗಳ ರೋಧವೇ ಅಷ್ಟಿರುತ್ತದೆ. ಬ್ಯಾಟರಿಯಿಂದ ರೋಧಕವೊಂದರ ಮೂಲಕ 1 ಆಂಪಿಯರ್ ಹರಿಸಿ, ಸುರುಳಿಯ ಎರಡು ತುದಿಗಳ ನಡುವಿನ ಮಿಲಿವೋಲ್ಟ್‌ಗಳನ್ನು ಬೇರೆ ಕಡ್ಡಿಗಳಿಂದ ಓದಬೇಕು. 350 ಮಿಲಿವೋಲ್ಟ್ ಎಂದರೆ 0.35 ಓಮ್.

ಬೆಸುಗೆಯ ವಿಚಾರದಲ್ಲಿ ಟಿಪ್ಪಣಿಗಳು ಬಹುತೇಕ ಮೌನ. ಮನೆಯಲ್ಲಿ ಕಟ್ಟಿದ ಉಪಕರಣಗಳಲ್ಲಿ ಕಾಣುವ ದೋಷಗಳಲ್ಲಿ ದೊಡ್ಡ ಪಾಲು ಇಲ್ಲಿಯದು: ಲೇಪವನ್ನು ಒಂದೇ ಮಗ್ಗುಲಲ್ಲಿ ಕೆರೆದು ಬೆಸೆದಿರುತ್ತಾರೆ. ಬೆಸುಗೆ ಮೇಲೆ ಹೊಳೆಯುತ್ತದೆ, ಒಳಗೆ ಸಂಪರ್ಕವಿಲ್ಲ. ಪಾಲಿಯುರಿಥೇನ್ ಲೇಪ ಸುಮಾರು 390 ಡಿಗ್ರಿ ಸೆಲ್ಸಿಯಸ್‌ನ ಬೆಸುಗೆ ಕಡ್ಡಿಗೆ ತಾನಾಗಿ ಕರಗಿಹೋಗುತ್ತದೆ, ಪಾಲಿಎಸ್ಟರ್-ಇಮೈಡ್ ಹೋಗುವುದಿಲ್ಲ. ಮೋಟಾರಿನ ತಂತಿ ಹೆಚ್ಚಾಗಿ ಶಾಖ ತಡೆಯುವ ಜಾತಿಯದಾದ್ದರಿಂದ ನಯವಾದ ಉಜ್ಜುಕಾಗದದಿಂದ ಸುತ್ತಲೂ ಉಜ್ಜಿ, ಮೊದಲೇ ಸೀಸ ಬಳಿದು, ಆಮೇಲೆ ಜೋಡಿಸುವುದು ಕ್ಷೇಮ. ಬ್ಲೇಡಿನಿಂದ ಕೆರೆದರೆ ತಾಮ್ರದಲ್ಲಿ ಗೀರು ಬಿದ್ದು ತಂತಿ ಅಲ್ಲೇ ಮುರಿಯುತ್ತದೆ. ಆಸ್ಪಿರಿನ್ ಮಾತ್ರೆಯ ಮೇಲಿಟ್ಟು ಕಾಯಿಸುವ ಹಳೆಯ ಉಪಾಯವೊಂದಿದೆ; ಅದರ ಹೊಗೆ ಕಣ್ಣು ಗಂಟಲು ಉರಿಸುತ್ತದೆ, ಬೇಡ. ಪಾಲಿಯುರಿಥೇನ್ ಸುಟ್ಟ ಹೊಗೆಯಲ್ಲೂ ಐಸೊಸಯನೇಟ್‌ಗಳಿರುತ್ತವೆ. ಉಬ್ಬಸವಿರುವ ವಿದ್ಯಾರ್ಥಿಯ ಕೈಗೆ ಈ ಕೆಲಸ ಕೊಡಬಾರದು, ಕಿಟಕಿ ತೆರೆದಿರಬೇಕು.

ಇದುವರೆಗಿನ ತಪ್ಪುಗಳಿಂದ ಹಣವೋ ಸಮಯವೋ ಹೋಗುತ್ತದೆ. ಒಂದು ತಪ್ಪಿನಿಂದ ಪ್ರಾಣ ಹೋಗಬಹುದು. "ಕೆಲವು ಸಾವಿರ ವೋಲ್ಟ್ ತಡೆಯುತ್ತದೆ" ಎಂಬ ಮಾತನ್ನು ನಂಬಿ ಎನಾಮೆಲ್ ತಂತಿಯನ್ನು 230 ವೋಲ್ಟ್ ಕಡೆಗೆ ಒಯ್ಯುವುದು. ಆ ಸಂಖ್ಯೆ ಹೊಸ, ಗೀರಿಲ್ಲದ, ಒಣ ತಂತಿಗೆ ಪರೀಕ್ಷೆಯಲ್ಲಿ ಸಿಗುವಂಥದು. ಲೇಪದಲ್ಲಿ ಅಲ್ಲಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿರುವುದು ಸಹಜ. ಬಾಗಿಸಿದಾಗ, ಲೋಹದ ಅಂಚಿಗೆ ಉಜ್ಜಿದಾಗ ಇನ್ನಷ್ಟು ಆಗುತ್ತವೆ. ಸುರುಳಿಯಲ್ಲಿ ಪಕ್ಕಪಕ್ಕದ ಸುತ್ತುಗಳ ನಡುವೆ ಇರುವುದು ಅತಿ ಕಡಿಮೆ ವಿಭವಾಂತರವಾದ್ದರಿಂದ ಅಲ್ಲಿ ನಡೆಯುತ್ತದೆ. ಮನುಷ್ಯ ಮುಟ್ಟುವ ಕಡೆ ನಡೆಯುವುದಿಲ್ಲ. ವಿದ್ಯುತ್ ಸುರಕ್ಷತೆಯ ಮಾನಕಗಳು ಟ್ರಾನ್ಸ್‌ಫಾರ್ಮರಿನ ಪ್ರಾಥಮಿಕ, ದ್ವಿತೀಯಕ ಸುರುಳಿಗಳನ್ನು ಬೇರ್ಪಡಿಸಲು ತಂತಿಯ ಲೇಪವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಡುವೆ ಬೇರೆಯೇ ಅವಾಹಕ ಪದರ ಅಥವಾ ಬೇರೆ ಬೇರೆ ಖಾನೆಗಳ ಬಾಬಿನ್ ಇರಬೇಕು. ಹಾಗಿದ್ದೂ "ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರನ್ನು ನೀವೇ ಸುತ್ತಿಕೊಳ್ಳಿ" ಎಂದು ಪ್ರೌಢಶಾಲೆಯ ಮಕ್ಕಳಿಗೆ ಹೇಳುವ ಟಿಪ್ಪಣಿಗಳಲ್ಲಿ ಸುತ್ತುಗಳ ಸಂಖ್ಯೆ ಇರುತ್ತದೆ, ಈ ಪದರದ ಮಾತಿರುವುದಿಲ್ಲ. ಅದಿಲ್ಲದ ಟ್ರಾನ್ಸ್‌ಫಾರ್ಮರ್ ಒಂದು ದಿನ ಸ್ಪೀಕರಿನ ತುದಿಗೇ 230 ವೋಲ್ಟ್ ತಂದು ನಿಲ್ಲಿಸಬಹುದು. ನನ್ನ ಅಭಿಪ್ರಾಯದಲ್ಲಿ ಇಂಥ ಟಿಪ್ಪಣಿಯನ್ನು ತರಗತಿಗೆ ತರಲೇಬಾರದು. ಮಾನಕಕ್ಕೆ ತಕ್ಕ ಸಿದ್ಧ ಟ್ರಾನ್ಸ್‌ಫಾರ್ಮರ್ ಅಥವಾ 12 ವೋಲ್ಟ್ ಬ್ಯಾಟರಿ ಬಳಸಿದರೆ ಪ್ರಾಜೆಕ್ಟಿನಿಂದ ಕಲಿಯುವುದೇನೂ ಕಡಿಮೆಯಾಗುವುದಿಲ್ಲ.

ಕೊನೆಯದಾಗಿ ಕೊಳ್ಳುವಾಗಿನ ಒಂದು ಎಚ್ಚರಿಕೆ. ತಾಮ್ರದ ಬೆಲೆ ಏರಿದಂತೆ ಎನಾಮೆಲ್ ಲೇಪಿಸಿದ ಅಲ್ಯೂಮಿನಿಯಂ ತಂತಿಯೂ, ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಹೊದಿಕೆಯಿರುವ ತಂತಿಯೂ ಮಾರುಕಟ್ಟೆಯಲ್ಲಿವೆ. ಅವುಗಳಿಗೆ ಅವುಗಳದೇ ಉಪಯೋಗವಿದೆ, ತಾಮ್ರವೆಂದು ಮಾರಿದರೆ ಮಾತ್ರ ಮೋಸ. ಲೇಪದ ಕೆಂಬಣ್ಣದಿಂದಾಗಿ ಕಣ್ಣಿಗೆ ಮೂರೂ ಒಂದೇ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ಸುಮಾರು ಶೇಕಡಾ 60, ಸಾಧಾರಣ ಬೆಸುಗೆಯೂ ಅದಕ್ಕೆ ಹಿಡಿಯದು. ಆರ್ಕಿಮಿಡೀಸ್‌ನ ತತ್ತ್ವ ಇಲ್ಲಿ ನೆರವಿಗೆ ಬರುತ್ತದೆ. 100 ಗ್ರಾಂ ಸುರುಳಿಯನ್ನು ಅಳತೆ ಜಾಡಿಯ ನೀರಿನಲ್ಲಿ, ಗಾಳಿಗುಳ್ಳೆ ಉಳಿಯದಂತೆ ಒಂದು ಹನಿ ಸೋಪಿನ ದ್ರಾವಣ ಬೆರೆಸಿ, ಮುಳುಗಿಸಿ. ಬರಿಯ ತಾಮ್ರವಾದರೆ 11 ಮಿಲಿಲೀಟರ್ ನೀರು ಏರಬೇಕು, ಅಲ್ಯೂಮಿನಿಯಂ ಆದರೆ 37. ತಾಮ್ರದ ಹೊದಿಕೆಯ ಅಲ್ಯೂಮಿನಿಯಂ 30ರ ಆಸುಪಾಸು ತೋರಿಸುತ್ತದೆ. ಅರ್ಧ ಮಿ.ಮೀ. ತಂತಿಯಲ್ಲಿ ತಾಮ್ರಕ್ಕೆ 11ರ ಬದಲು ಸುಮಾರು 13 ಮಿಲಿಲೀಟರ್ ಬರುತ್ತದೆ, ಸಾಂದ್ರತೆ 8.9ರ ಬದಲು 7.8. ಇದು ಪ್ರಯೋಗದ ದೋಷವಲ್ಲ, ಮೋಸವೂ ಅಲ್ಲ. ತೆಳು ತಂತಿಯಲ್ಲಿ ಆ ಹಗುರ ಲೇಪವೇ ತಾಮ್ರದ ಗಾತ್ರದ ಆರರಲ್ಲಿ ಒಂದು ಭಾಗದಷ್ಟಿರುತ್ತದೆ. ತಂತಿ ದಪ್ಪವಾದಂತೆ ಉತ್ತರ 8.9ರ ಕಡೆಗೆ ಸರಿಯುತ್ತದೆ.